ಮೂಲನಿವಾಸಿಗಳ ರಕ್ಷಕ ಬಾರ್ತೊಲೊಮೆ ದೆ ಲಾಸ್ ಕಾಸಾಸ್

ಶತಮಾನೋತ್ಸವದ ಸಂಚಿಕೆಗಳಲ್ಲಿ ಸಂತರ ಚರಿತ್ರೆಗಳನ್ನು ಪ್ರಕಟಿಸುವುದು ನಮ್ಮಲ್ಲಿ ರೂಢಿಯಾಗಿ ಬಂದ ಸತ್ಸಂಪ್ರದಾಯ. ಸಂತರ ಚರಿತ್ರೆಯನ್ನು ಓದುವವರಿಗೆ ಒಂದು ಸೌಕರ್ಯವುಂಟು. ಅವರು ನಡೆದ ದಾರಿ ಸರಿಯಾದುದೆಂಬ ತೀರ್ಪನ್ನು ಧರ್ಮಸಭೆಯು ಮೊದಲೇ ಕೊಟ್ಟಿರುತ್ತದೆ. ಓದುಗನು ತಲೆಬಾಗಿ ನಮಿಸಿದರೆ ಸಾಕು. ಇಲ್ಲಿ ಸ್ಮರಿಸಲಾಗುತ್ತಿರುವ ಬಾರ್ತೊಲೊಮೆ ದೆ ಲಾಸ್ ಕಾಸಾಸರು ಸಂತರೆಂದು ಘೋಷಿತರಾದವರಲ್ಲ. ಅವರ ಹೆಸರು ಇಂದಿಗೂ ವಿವಾದಕ್ಕೆ ಹೊರತಾಗಿಲ್ಲ. ಆದರೆ ದೇವಭಕ್ತನಾದವನ ಕಣ್ಣಿಗೂ ಪೂರ್ವಗ್ರಹದ ಪೊರೆ ಹೇಗೆ ಕವಿಯುತ್ತದೆ, ಅದು ಕಳಚುವುದು ಎಷ್ಟು ದುಸ್ತರ, ಒಂದು ಪೊರೆ ಕಳಚಿದ ಮೇಲೂ ಮತ್ತೊಂದು ಹೇಗೆ ಉಳಿದುಬಿಡುತ್ತದೆ ಎಂಬುದನ್ನು ಅವರ ಬಾಳಿನಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಬಾಳು ಧರ್ಮಸಭೆಯ ಚರಿತ್ರೆಯಲ್ಲಿ ವಿರಳ. ಆ ಕಾರಣದಿಂದಲೇ ಈ ಕಿರುಚರಿತ್ರೆಗೆ ಅವರನ್ನು ಆರಿಸಿಕೊಳ್ಳಲಾಗಿದೆ.

ಸ್ಪೇನ್ ದೇಶದ ಸೆವಿಲ್ ನಗರದಲ್ಲಿ 1484ರಲ್ಲಿ ಅವರು ಜನಿಸಿದರು. ಹಳೆಯ ಗ್ರಂಥಗಳಲ್ಲಿ 1474 ಎಂದಿರುವುದುಂಟು. ನ್ಯಾಯಾಲಯದ ದಾಖಲೆಯೊಂದು ದೊರೆತ ಬಳಿಕ ವಿದ್ವಾಂಸರು ಅದನ್ನು ತಿದ್ದಿದ್ದಾರೆ. ತಂದೆ ಪೆದ್ರೊ ವರ್ತಕರು. 1493ರ ಗರಿಗಳ ಭಾನುವಾರದ ಸುಮಾರಿನಲ್ಲಿ ಕೊಲಂಬಸನು ತನ್ನ ಮೊದಲ ಯಾನವನ್ನು ಮುಗಿಸಿಕೊಂಡು ಸೆವಿಲ್ ನಗರವನ್ನು ಹೊಕ್ಕಾಗ, ಅವನ ಜೊತೆಯಲ್ಲಿದ್ದ ಹಸಿರು ಗಿಳಿಗಳನ್ನೂ ಹೊಸ ನಾಡಿನ ಕೆಲವು ಮನುಷ್ಯರನ್ನೂ ಬಾಲಕ ಬಾರ್ತೊಲೊಮೆ ಬೆರಗುಗಣ್ಣಿನಿಂದ ನೋಡಿದ್ದರು. ಕೊಲಂಬಸನು ಇಂಡಿಯಾವನ್ನು ಹುಡುಕಿಕೊಂಡು ಹೋದವನು. ಆದುದರಿಂದ ಕಂಡದ್ದನ್ನೆಲ್ಲ ಇಂಡಿಯಾ ಎಂದೇ ತಿಳಿದನು. ಆ ಮುಗ್ಧ ಜನರಿಗೆ ಇಂಡಿಯನ್ನರೆಂಬ ಹೆಸರು ಅಂಟಿಕೊಂಡಿತು. ನಮ್ಮ ದೇಶದ ಹೆಸರನ್ನು ಸಂಬಂಧವೇ ಇಲ್ಲದ ಜನಾಂಗವೊಂದು ಐದು ಶತಮಾನಗಳ ಕಾಲ ಹೊತ್ತು ನಡೆದದ್ದು ಒಬ್ಬ ನಾವಿಕನ ನಿರೀಕ್ಷೆಯ ಫಲ. ಈ ಲೇಖನದಲ್ಲಿ ಅವರನ್ನು ಮೂಲನಿವಾಸಿಗಳೆಂದೇ ಕರೆಯೋಣ.

ತಂದೆ ಪೆದ್ರೊ ಅದೇ ವರ್ಷ ಕೊಲಂಬಸನ ಎರಡನೆಯ ಯಾನದಲ್ಲಿ ಹೊರಟರು. ಕೆಲವು ವರ್ಷಗಳ ತರುವಾಯ ಮರಳಿ ಬಂದಾಗ ಮೂಲನಿವಾಸಿ ಯುವಕನೊಬ್ಬನನ್ನು ಗುಲಾಮನನ್ನಾಗಿ ಕರೆತಂದು ಮಗನ ಸೇವೆಗೆ ಒಪ್ಪಿಸಿದರು. 1500ರಲ್ಲಿ ರಾಣಿ ಇಸಬೆಲ್ಲಳ ಆಜ್ಞೆಯಂತೆ ಆ ಯುವಕನನ್ನು ಬಿಡುಗಡೆಗಾಗಿ ಒಪ್ಪಿಸಬೇಕಾಯಿತು. 1502ರಲ್ಲಿ ರಾಜ್ಯಪಾಲ ನಿಕೊಲಾಸ್ ದೆ ಓವಾಂದೊ ಸುಮಾರು ಮೂವತ್ತು ಹಡಗುಗಳ ದೊಡ್ಡ ಪಡೆಯೊಂದಿಗೆ ಹಿಸ್ಪಾನಿಯೋಲ ದ್ವೀಪಕ್ಕೆ ಹೊರಟಾಗ, ಹದಿನೇಳು ಹದಿನೆಂಟರ ಹರೆಯದ ಬಾರ್ತೊಲೊಮೆ ಅದರಲ್ಲಿದ್ದರು. ಇಂದಿನ ಹೈತಿ ಹಾಗೂ ದೊಮಿನಿಕನ್ ಗಣರಾಜ್ಯಗಳು ಇರುವುದು ಈ ದ್ವೀಪದಲ್ಲಿಯೇ. ಅಲ್ಲಿ ಅವರಿಗೆ ಭೂಮಿ ದೊರೆಯಿತು, ದುಡಿಯಲು ಆಳುಗಳು ದೊರೆತರು. ಗುರುದೀಕ್ಷೆಯನ್ನು ಪಡೆದು 1510ರಲ್ಲಿ ಕೊನ್ಸೆಪ್ಸಿಯೋನ್ ಎಂಬ ಊರಿನಲ್ಲಿ ತಮ್ಮ ಪ್ರಥಮ ಗಾನಬಲಿಪೂಜೆಯನ್ನು ಅರ್ಪಿಸಿದರು. ಹೊಸ ಗುರುವೊಬ್ಬರ ಪ್ರಥಮ ಬಲಿಪೂಜೆ ಅಮೆರಿಕದ ನೆಲದಲ್ಲಿ ನಡೆದದ್ದು ಅದೇ ಮೊದಲು.

ಆ ಆಳುಗಳ ವಿಚಾರವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಸ್ಪೇನಿನ ಅರಸರು ಹೊಸ ನಾಡಿನ ಅನೇಕ ವಲಸೆಗಾರರಿಗೆ ಇಷ್ಟು ಮಂದಿ ಮೂಲನಿವಾಸಿಗಳು ಎಂದು ಒಪ್ಪಿಸಿಕೊಡುತ್ತಿದ್ದರು. ಈ ಪದ್ಧತಿಗೆ ಎಂಕೊಮಿಯೆಂಡಾ ಎಂದು ಹೆಸರು. ವಹಿಸಿಕೊಡುವುದೆಂದು ಅದರ ಅರ್ಥ. ಕಾಗದದ ಮೇಲೆ ಅದು ಧರ್ಮಕಾರ್ಯವೇ. ಒಡೆಯನು ತನಗೆ ವಹಿಸಲ್ಪಟ್ಟವರನ್ನು ರಕ್ಷಿಸಬೇಕು, ಅವರಿಗೆ ಕ್ರೈಸ್ತ ಧರ್ಮೋಪದೇಶವನ್ನು ಕೊಡಿಸಬೇಕು. ಅದಕ್ಕೆ ಪ್ರತಿಯಾಗಿ ಅವರು ಅವನಿಗೆ ದುಡಿಯಬೇಕು. ಕಾರ್ಯದಲ್ಲಿ ಅದು ನಮ್ಮ ಹಿರಿಯರು ಬಲ್ಲ ಬಿಟ್ಟಿ ಚಾಕರಿಗಿಂತ ಘೋರವಾದುದು. ಗಂಡಸರು ಹೊಳೆಗಳಲ್ಲಿ ನಿಂತು ಚಿನ್ನದ ಮರಳನ್ನು ಜಾಲಿಸುವರು, ಹೆಂಗಸರು ಮರಗೆಣಸಿನ ಹೊಲಗಳಲ್ಲಿ ಗೇಯುವರು, ಉಪವಾಸದಿಂದ ಹಾಲು ಬತ್ತಿದ ತಾಯಂದಿರ ಮಡಿಲಲ್ಲಿ ಹಸುಗೂಸುಗಳು ಸಾಯುವುವು. ಉಳಿದವರನ್ನು ಯೂರೋಪಿನಿಂದ ಬಂದ ರೋಗಗಳು ಮುಗಿಸುತ್ತಿದ್ದುವು. ಇದೆಲ್ಲವೂ ನಡೆಯುತ್ತಿದ್ದುದು ಭಾನುವಾರ ತಪ್ಪದೆ ಬಲಿಪೂಜೆಗೆ ಬರುವವರ ಹೊಲಗಳಲ್ಲಿ.

1510ರಲ್ಲಿಯೇ ಸಂತ ದೊಮಿನಿಕರ ಸಭೆಗೆ ಸೇರಿದ ಕೆಲವು ಸಂನ್ಯಾಸಿಗಳು ಪೆದ್ರೊ ದೆ ಕೊರ್ದೋಬರ ನೇತೃತ್ವದಲ್ಲಿ ದ್ವೀಪಕ್ಕೆ ಬಂದರು. ಅವರಿಗೆ ಅಲ್ಲಿ ಭೂಮಿಯಿಲ್ಲ, ಆಳುಗಳಿಲ್ಲ. ಬಂದು ಒಂದು ವರ್ಷ ತುಂಬುವುದರೊಳಗಾಗಿ ಅವರಿಗೆ ಕಂಡದ್ದು ಹತ್ತು ವರ್ಷ ನೆಲೆಸಿದ್ದವರಿಗೆ ಕಂಡಿರಲಿಲ್ಲ. 1511ರ ಡಿಸೆಂಬರ್ 21, ಆಗಮನಕಾಲದ ನಾಲ್ಕನೆಯ ಭಾನುವಾರ, ಅಂತೋನಿಯೊ ದೆ ಮೊಂತೆಸಿನೋಸ್ ಎಂಬ ಸಂನ್ಯಾಸಿಯು ಕೊಲಂಬಸನ ಮಗನಾದ ರಾಜ್ಯಪಾಲ ದಿಯೇಗೊ ಹಾಗೂ ಸಮಸ್ತ ಅಧಿಕಾರಿವರ್ಗದ ಎದುರಿನಲ್ಲಿ ಪ್ರಬೋಧನೆ ಮಾಡಿದರು. ಈ ಜನರು ಮನುಷ್ಯರಲ್ಲವೇ, ಇವರಿಗೆ ಆತ್ಮವಿಲ್ಲವೇ, ಯಾವ ಹಕ್ಕಿನಿಂದ ಇವರನ್ನು ಹೀಗೆ ಹಿಂಸಿಸುತ್ತಿದ್ದೀರಿ ಎಂದು ನೇರವಾಗಿ ಕೇಳಿದರು. ಸಭಿಕರಲ್ಲಿ ಮನಪರಿವರ್ತನೆ ಹೊಂದಿದವರು ಯಾರೂ ಇರಲಿಲ್ಲ, ಸಿಟ್ಟಾದವರು ಅನೇಕರು. ಮಧ್ಯಾಹ್ನವೇ ಮಠದ ಬಾಗಿಲಿಗೆ ಹೋಗಿ, ಆ ಸಂನ್ಯಾಸಿಯು ಮುಂದಿನ ಭಾನುವಾರ ಮಾತನ್ನು ಹಿಂತೆಗೆದುಕೊಳ್ಳತಕ್ಕದ್ದೆಂದು ಗದ್ದಲ ಮಾಡಿದರು. ಪ್ರಬೋಧನೆಯು ಮಠದವರೆಲ್ಲರೂ ಕೂಡಿ ಸಿದ್ಧಪಡಿಸಿ ಸಹಿ ಮಾಡಿದ್ದೆಂದು ಮುಖ್ಯಸ್ಥರು ತಿಳಿಸಿದರು. ಮುಂದಿನ ಭಾನುವಾರ ಮೊಂತೆಸಿನೋಸರು ಮತ್ತಷ್ಟು ಕಟುವಾಗಿ ಮಾತನಾಡಿ, ಆಳುಗಳನ್ನು ಇಟ್ಟುಕೊಂಡವರಿಗೆ ಪಾಪವಿಮೋಚನೆಯನ್ನು ಕೊಡಲಾಗದೆಂದು ಸಾರಿದರು.

ವಲಸೆಗಾರರು ತಮ್ಮ ಪರವಾಗಿ ಅರಸನ ಬಳಿ ವಾದಿಸಲು ಕಳುಹಿಸಿದ್ದು ಯಾರನ್ನು? ಅಲೋನ್ಸೊ ದೆ ಎಸ್ಪಿನಾಲ್ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿಯನ್ನು. ಆತನು ಸಜ್ಜನ, ಸರಳ ಜೀವಿ ಎಂದು ಸ್ವತಃ ಲಾಸ್ ಕಾಸಾಸರೇ ಬರೆದಿದ್ದಾರೆ. ದುಷ್ಟರು ಮಾತ್ರ ಅನ್ಯಾಯದ ಪರ ನಿಲ್ಲುತ್ತಾರೆಂದು ಭಾವಿಸುವವರು ಈ ಒಂದು ಸಂಗತಿಯನ್ನು ಗಮನಿಸಬೇಕು.

ಇನ್ನು ಲಾಸ್ ಕಾಸಾಸರು ಆಗ ಎಲ್ಲಿದ್ದರು? ಅದೇ ದ್ವೀಪದಲ್ಲಿ, ಗುರುಗಳಾಗಿ, ಆಳುಗಳ ಒಡೆಯರಾಗಿ. ಒಮ್ಮೆ ಅವರು ದೊಮಿನಿಕನ್ ಗುರುಗಳೊಬ್ಬರ ಬಳಿ ಪಾಪನಿವೇದನೆಗೆ ಹೋದಾಗ, ಆಳುಗಳನ್ನು ಇಟ್ಟುಕೊಂಡಿರುವ ಕಾರಣದಿಂದ ವಿಮೋಚನೆ ಕೊಡಲಾಗದೆಂದು ಆ ಗುರುಗಳು ತಿಳಿಸಿದರು. ಲಾಸ್ ಕಾಸಾಸರು ಕಾರಣ ಕೇಳಿದರು, ವಾದಿಸಿದರು, ಆ ಸಂನ್ಯಾಸಿಯ ಪಾಂಡಿತ್ಯವನ್ನೂ ಸದ್ಗುಣವನ್ನೂ ಮನಸಾರೆ ಗೌರವಿಸಿದರು. ಆದರೆ ಆಳುಗಳನ್ನು ಮಾತ್ರ ಬಿಡಲಿಲ್ಲ. ತಾನು ದಯಾಳುವಾದ ಒಡೆಯನೆಂಬ ನಂಬಿಕೆ ಅವರಿಗಿತ್ತು. ಅದು ಸುಳ್ಳೂ ಆಗಿರಲಿಲ್ಲ. ಅವರು ಹೊಡೆಸುತ್ತಿರಲಿಲ್ಲ, ಉಪವಾಸ ಕೆಡಹುತ್ತಿರಲಿಲ್ಲ. ಇತರ ಒಡೆಯರೊಡನೆ ತಮ್ಮನ್ನು ಹೋಲಿಸಿ ನೋಡಿಕೊಂಡಾಗಲೆಲ್ಲ ತಮ್ಮ ಅಂತಃಕರಣ ಶುದ್ಧವಾಗಿಯೇ ಕಾಣುತ್ತಿತ್ತು. ನಮ್ಮ ಅಭಿಪ್ರಾಯದಲ್ಲಿ ಅವರ ಕಣ್ಣಿಗೆ ಕವಿದಿದ್ದ ಪೊರೆಗಳಲ್ಲಿ ಅತ್ಯಂತ ದಪ್ಪನಾದದ್ದು ದುರಾಶೆಯಲ್ಲ, ಈ ದಯೆಯೇ. ಕ್ರೂರಿಗೆ ಎಂದಾದರೊಂದು ದಿನ ತನ್ನ ಕ್ರೌರ್ಯ ಚುಚ್ಚೀತು; ಸೌಮ್ಯನಾದ ಒಡೆಯನಿಗೆ ಚುಚ್ಚುವುದೇನು?

1513ರಲ್ಲಿ ಅವರು ಸೈನ್ಯದ ಗುರುಗಳಾಗಿ ಕ್ಯೂಬಾ ದ್ವೀಪಕ್ಕೆ ಹೋದರು. ಪಾನ್ಫಿಲೊ ದೆ ನಾರ್ವಾಯೆಸನ ತುಕಡಿಯೊಡನೆ ಊರಿಂದೂರಿಗೆ ಸಾಗುತ್ತ, ಸೈನಿಕರು ಬರುವ ಮುನ್ನವೇ ಹಳ್ಳಿಗರಿಗೆ ಅಭಯದ ಸಂದೇಶ ಕಳುಹಿಸಿ ರಕ್ತಪಾತವನ್ನು ತಡೆಯಲು ಯತ್ನಿಸಿದರು. ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿದರು. ಕಾವೊನಾವೊ ಎಂಬ ಹಳ್ಳಿಗೆ ಹೋದ ದಿನ ಬೆಳಿಗ್ಗೆ ಸೈನಿಕರು ಬತ್ತಿದ ಹೊಳೆಯೊಂದರಲ್ಲಿ ಉಪಾಹಾರಕ್ಕೆ ಕುಳಿತಿದ್ದಾಗ, ಅಲ್ಲಿದ್ದ ಸಾಣೆಕಲ್ಲುಗಳ ಮೇಲೆ ಕತ್ತಿಗಳನ್ನು ಮಸೆದುಕೊಂಡರು. ಹಳ್ಳಿಯಲ್ಲಿ ಜನರು ಮೀನು ಮತ್ತು ಮರಗೆಣಸಿನ ರೊಟ್ಟಿಗಳನ್ನು ಸಿದ್ಧಪಡಿಸಿಕೊಂಡು ಅತಿಥಿಗಳನ್ನೂ ಅವರ ಕುದುರೆಗಳನ್ನೂ ಕುತೂಹಲದಿಂದ ನೋಡುತ್ತ ಕುಳಿತಿದ್ದರು. ಇದ್ದಕ್ಕಿದ್ದಂತೆ ಒಬ್ಬನು ಕತ್ತಿ ಹಿರಿದನು; ಉಳಿದವರೂ ಹಿರಿದರು. ನೆಲದ ಮೇಲೆ ಕುಳಿತಿದ್ದ ಗಂಡಸರು, ಹೆಂಗಸರು, ಮಕ್ಕಳು ಯಾರನ್ನೂ ಬಿಡದೆ ಕಡಿದರು. ಲಾಸ್ ಕಾಸಾಸರು ಓಡಾಡಿ ಕೂಗಾಡಿ ಕೆಲವರನ್ನು ಉಳಿಸಿದರು, ಸಾಯುತ್ತಿದ್ದವರಿಗೆ ಸಂಸ್ಕಾರ ನೀಡಿದರು. ಆ ದೃಶ್ಯವನ್ನು ಅವರು ಕೊನೆಯುಸಿರಿನವರೆಗೂ ಮರೆಯಲಿಲ್ಲ.

ಆದರೂ, ವಾಚಕರು ಗಮನಿಸಬೇಕು, ಆ ದಂಡಯಾತ್ರೆ ಮುಗಿದಾಗ ಕ್ಯೂಬಾದ ಆಡಳಿತಾಧಿಕಾರಿ ದಿಯೇಗೊ ವೆಲಾಸ್ಕೆಸನು ಮೆಚ್ಚಿ ಕೊಟ್ಟ ಭೂಮಿಯನ್ನೂ ಆಳುಗಳನ್ನೂ ಅವರು ಸ್ವೀಕರಿಸಿದರು. ಆರಿಮಾವೊ ನದಿಯ ದಡದಲ್ಲಿ, ಆತ್ಮೀಯ ಮಿತ್ರ ಪೆದ್ರೊ ದೆ ರೆಂತೆರಿಯನ ಪಾಲುದಾರಿಕೆಯಲ್ಲಿ, ಬೇಸಾಯವನ್ನೂ ಚಿನ್ನದ ಗಣಿಗಾರಿಕೆಯನ್ನೂ ನಡೆಸಿದರು. ಕಣ್ಣಾರೆ ಕಂಡ ಕೊಲೆಯೂ ಅವರಿಗೆ ಸೈನಿಕರ ಪಾಪವಾಗಿ ತೋರಿತೇ ಹೊರತು ತಮ್ಮ ಹೊಲದಲ್ಲಿ ದುಡಿಯುತ್ತಿದ್ದವರಿಗೆ ಸಂಬಂಧಿಸಿದ್ದಾಗಿ ತೋರಲಿಲ್ಲ.

ಕಣ್ಣು ತೆರೆದದ್ದು 1514ರಲ್ಲಿ. ಪಂಚಾಶತ್ತಮ ಹಬ್ಬಕ್ಕೆ ಪ್ರಬೋಧನೆಯನ್ನು ಸಿದ್ಧಪಡಿಸಿಕೊಳ್ಳುತ್ತ ಅವರು ಪವಿತ್ರ ಗ್ರಂಥದ ಪುಟಗಳನ್ನು ತಿರುವುತ್ತಿದ್ದರು. ಸಿರಾಖನ ಗ್ರಂಥದ ಮೂವತ್ತನಾಲ್ಕನೆಯ ಅಧ್ಯಾಯ ಎದುರಾಯಿತು. ಅನ್ಯಾಯದಿಂದ ಗಳಿಸಿದ್ದನ್ನು ಬಲಿಯಾಗಿ ಅರ್ಪಿಸಿದರೆ ದೇವರು ಮೆಚ್ಚುವುದಿಲ್ಲವೆಂದೂ ಕೂಲಿಯಾಳಿನ ಅನ್ನವನ್ನು ಕಸಿಯುವುದು ಕೊಲೆಗೆ ಸಮಾನವೆಂದೂ ಅಲ್ಲಿ ಹೇಳಿದೆ. ಗುರುಗಳಾಗಿ ಆ ಭಾಗ ಅವರಿಗೆ ಹೊಸದಾಗಿರಲಾರದು. ಹಿಂದೆ ಓದಿದಾಗ ಅದು ಬೇರೆ ಯಾರಿಗೋ ಸಂಬಂಧಿಸಿದ ಮಾತಾಗಿತ್ತು. ಈ ಸಲ ಅದು ಪೀಠದ ಮೇಲಿನ ತಮ್ಮ ಕೈಗಳಿಗೇ ನೇರವಾಗಿ ತಗುಲಿತು. ದೊಮಿನಿಕನ್ ಸಂನ್ಯಾಸಿಗಳ ಮಾತು, ತಾವು ಅವರೊಡನೆ ಹೂಡಿದ ವಾದ ಎಲ್ಲವೂ ನೆನಪಿಗೆ ಬಂದುವು. ಹಲವು ದಿನ ಏಕಾಂತದಲ್ಲಿ ಚಿಂತಿಸಿದರು. ಆ ನಾಡಿನಲ್ಲಿ ಮೂಲನಿವಾಸಿಗಳಿಗೆ ಮಾಡಲಾಗುತ್ತಿರುವುದೆಲ್ಲವೂ ಅನ್ಯಾಯ, ಅದರಲ್ಲಿ ತಾವೂ ಪಾಲುದಾರರು ಎಂಬ ನಿಶ್ಚಯಕ್ಕೆ ಬಂದರು.

ಇತರರಿಗೆ ಬುದ್ಧಿ ಹೇಳುವ ಮುನ್ನ ತಮ್ಮ ಆಳುಗಳನ್ನು ಬಿಡಬೇಕಾಗಿತ್ತು. ವೆಲಾಸ್ಕೆಸನ ಬಳಿಗೆ ಹೋಗಿ ಎಲ್ಲವನ್ನೂ ಹಿಂತಿರುಗಿಸುವುದಾಗಿ ತಿಳಿಸಿದಾಗ ಅವನು ದಿಗ್ಭ್ರಮೆಗೊಂಡು, ಹದಿನೈದು ದಿನ ಯೋಚಿಸಿ ನೋಡುವಂತೆ ಸಲಹೆ ಮಾಡಿದನು. ಯೋಚಿಸುವುದು ಮುಗಿದಿತ್ತು. ಪಾಲುದಾರ ರೆಂತೆರಿಯನು ಜಮೈಕಾಕ್ಕೆ ಹೋಗಿದ್ದುದರಿಂದ ವಿಷಯವನ್ನು ಗುಟ್ಟಾಗಿಡಬೇಕೆಂದಷ್ಟೇ ಕೇಳಿಕೊಂಡರು. ಆದರೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಂದು, ಆಗಸ್ಟ್ 15ರಂದು, ಪ್ರಬೋಧನಾ ಪೀಠದಿಂದ ತಾವೇ ಅದನ್ನು ಬಹಿರಂಗಪಡಿಸಿದರು. ಜನರಿಗೆ ಕನಸಿನ ಮಾತು ಕೇಳಿದಂತಾಯಿತು. ದನಕರುಗಳನ್ನು ದುಡಿಸುವುದು ಪಾಪವೆಂದಿದ್ದರೂ ಅವರಿಗೆ ಅಷ್ಟೇ ಆಶ್ಚರ್ಯವಾಗುತ್ತಿತ್ತು. ಇತ್ತ ರೆಂತೆರಿಯನು ಹಿಂತಿರುಗಿದಾಗ ಒಂದು ವಿಚಿತ್ರ ತಿಳಿದುಬಂದಿತು. ಆತನೂ ಜಮೈಕಾದ ಮಠವೊಂದರಲ್ಲಿ ತಪಸ್ಸುಕಾಲವನ್ನು ಕಳೆಯುತ್ತಿದ್ದಾಗ ಮೂಲನಿವಾಸಿಗಳ ದುರವಸ್ಥೆಯನ್ನೇ ನೆನೆದು, ಅವರ ಮಕ್ಕಳಿಗಾಗಿ ಶಾಲೆಗಳನ್ನು ತೆರೆಯಬೇಕೆಂದು ನಿಶ್ಚಯಿಸಿಕೊಂಡು ಬಂದಿದ್ದನು. ಇಬ್ಬರೂ ಕೂಡಿ ಇದ್ದುದನ್ನು ಮಾರಿ ಲಾಸ್ ಕಾಸಾಸರ ಸ್ಪೇನ್ ಪ್ರಯಾಣಕ್ಕೆ ಹಣ ಒದಗಿಸಿದರು.

1515ರ ಕೊನೆಯಲ್ಲಿ ಅರಸ ಫೆರ್ದಿನಾಂದನ ಭೇಟಿಯಾಯಿತು. ಮುಂದಿನ ತಿಂಗಳಲ್ಲಿಯೇ ಅರಸನು ತೀರಿಕೊಂಡನು. ಹೊಸ ನಾಡಿನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದವರು ಬೂರ್ಗೋಸಿನ ಧರ್ಮಾಧ್ಯಕ್ಷ ಫೊನ್ಸೇಕರು. ಕ್ಯೂಬಾದಲ್ಲಿ ಮೂರು ತಿಂಗಳೊಳಗೆ ಏಳು ಸಾವಿರ ಮಕ್ಕಳು ಸತ್ತರೆಂದು ಲಾಸ್ ಕಾಸಾಸರು ಅವರಿಗೆ ಬಿನ್ನವಿಸಿದಾಗ, ಅದರಿಂದ ತನಗೇನು, ಅರಸನಿಗೇನು ಎಂಬರ್ಥದ ಉತ್ತರ ಬಂದಿತು. ಆ ಧರ್ಮಾಧ್ಯಕ್ಷರ ಹೆಸರಿನಲ್ಲಿಯೂ ದ್ವೀಪಗಳಲ್ಲಿ ಆಳುಗಳಿದ್ದರು. ರಾಜಪ್ರತಿನಿಧಿಯಾಗಿದ್ದ ಕಾರ್ಡಿನಲ್ ಸಿಸ್ನೇರೋಸರು ಮಾತ್ರ ಕಿವಿಗೊಟ್ಟು 1516ರಲ್ಲಿ ಅವರನ್ನು ಮೂಲನಿವಾಸಿಗಳ ರಕ್ಷಕರೆಂದು ನೇಮಿಸಿದರು.

ಈ ಘಟ್ಟದಲ್ಲಿಯೇ ಅವರ ಬಾಳಿನ ಅತಿ ದೊಡ್ಡ ಕಲೆ ಹತ್ತಿಕೊಂಡಿತು. ಮೂಲನಿವಾಸಿಗಳ ದುಡಿಮೆಯನ್ನು ನಿಲ್ಲಿಸಿದರೆ ಗಣಿಗಳಲ್ಲಿ ದುಡಿಯುವವರು ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ, ಕಪ್ಪು ಗುಲಾಮರನ್ನೂ ಬಿಳಿಯ ಗುಲಾಮರನ್ನೂ ತರಿಸಿಕೊಳ್ಳಲು ವಲಸೆಗಾರರಿಗೆ ಅನುಮತಿ ಕೊಡಬಹುದೆಂದು ಅವರು ಬಿನ್ನಹಪತ್ರದಲ್ಲಿ ಬರೆದರು. ಆಫ್ರಿಕದ ಗುಲಾಮರು ಅದಕ್ಕೆ ಮುಂಚೆಯೇ ದ್ವೀಪಕ್ಕೆ ಬಂದಿದ್ದರು; ಆ ವ್ಯಾಪಾರವನ್ನು ಲಾಸ್ ಕಾಸಾಸರು ಹುಟ್ಟುಹಾಕಿದರೆಂದು ಹೇಳುವುದು ಚರಿತ್ರೆಗೆ ಮಾಡುವ ಅಪಚಾರ. ಆದರೆ ಅವರು ಸಲಹೆ ಕೊಟ್ಟದ್ದು ನಿಜ. 1518ರಲ್ಲಿ ನಾಲ್ಕು ಸಾವಿರ ಆಫ್ರಿಕನ್ನರನ್ನು ಸಾಗಿಸುವ ಪರವಾನಗಿ ಆಸ್ಥಾನದ ಪ್ರಭಾವಿಯೊಬ್ಬನ ಪಾಲಾಯಿತು. 1531ರಲ್ಲಿಯೂ ಅವರು ಅದೇ ಸಲಹೆಯನ್ನು ಪುನಃ ಬರೆದರು. ಸಿರಾಖನ ಗ್ರಂಥವನ್ನು ಓದಿ ಕಣ್ಣು ತೆರೆದವರೇ ಇವರು. ಆ ತೆರೆದ ಕಣ್ಣಿಗೆ ಕ್ಯೂಬಾದ ಕೂಲಿಯಾಳು ಕಂಡನು, ಆಫ್ರಿಕದ ಆಳು ಕಾಣಲಿಲ್ಲ. ಪೋರ್ಚುಗೀಸರು ಮಾರುತ್ತಿದ್ದ ಗುಲಾಮರು ನ್ಯಾಯವಾದ ಯುದ್ಧದಲ್ಲಿ ಸೆರೆಸಿಕ್ಕವರೆಂಬ ಮಾತು ಆಗ ಎಲ್ಲೆಡೆ ಪ್ರಚಲಿತವಾಗಿತ್ತು. ಆ ಮಾತನ್ನು ಪರೀಕ್ಷಿಸಬೇಕೆಂದು ಅವರಿಗೂ ತೋರಲಿಲ್ಲ.

ವೆನೆಜುವೆಲದ ಕುಮಾನಾ ತೀರದಲ್ಲಿ ಆಯುಧವಿಲ್ಲದ ರೈತರ ನೆಲೆಯೊಂದನ್ನು ಸ್ಥಾಪಿಸಲು 1521ರಲ್ಲಿ ಮಾಡಿದ ಪ್ರಯತ್ನವು ಸಂಪೂರ್ಣವಾಗಿ ವಿಫಲವಾಯಿತು. ಗುಲಾಮರನ್ನು ಹಿಡಿಯುವವರ ದಾಳಿಯಿಂದ ರೊಚ್ಚಿಗೆದ್ದಿದ್ದ ಅಲ್ಲಿನ ಜನರು ನೆಲೆಯನ್ನು ಸುಟ್ಟರು. ಕರೆತಂದಿದ್ದ ರೈತರಾದರೋ ಅದಕ್ಕೆ ಮೊದಲೇ ಗುಲಾಮರನ್ನು ಹಿಡಿಯುವವರೊಡನೆ ಸೇರಿಕೊಂಡಿದ್ದರು. ಮನನೊಂದ ಲಾಸ್ ಕಾಸಾಸರು 1522ರಲ್ಲಿ ದೊಮಿನಿಕನ್ ಮಠವನ್ನು ಸೇರಿದರು. ಅಲ್ಲಿ ಅವರಿಗೆ ಸಮಾಧಾನ ಹೇಳಿ ಸಂನ್ಯಾಸಕ್ಕೆ ಪ್ರೇರೇಪಿಸಿದವರು ದೊಮಿಂಗೊ ದೆ ಬೆತಾನ್ಸೋಸ್ ಎಂಬ ತಪಸ್ವಿ.

ಈ ಬೆತಾನ್ಸೋಸರ ವೃತ್ತಾಂತವನ್ನು ಇಲ್ಲಿಯೇ ಹೇಳುವುದು ಉಚಿತ. ಅವರಿಗೆ ಹೊಲವಿರಲಿಲ್ಲ, ಗಣಿಯಿರಲಿಲ್ಲ. ಕಠಿಣ ವ್ರತಗಳಿಂದ ದೇಹವನ್ನು ದಂಡಿಸಿದವರು. ಆದರೂ ಮೂಲನಿವಾಸಿಗಳು ವಿಶ್ವಾಸವನ್ನು ಗ್ರಹಿಸಲಾರದ ಪಶುಸಮಾನರೆಂದೂ ಅವರು ನಿರ್ನಾಮವಾಗಲೆಂಬುದೇ ದೈವಸಂಕಲ್ಪವೆಂದೂ ರಾಜಸಭೆಗೆ ಬರೆದುಕೊಟ್ಟರು. ರೋಗರುಜಿನಗಳಿಂದ ಊರುಗಳಿಗೆ ಊರುಗಳೇ ಬರಿದಾಗುತ್ತಿದ್ದುದನ್ನು ಕಂಡು, ಕಂಡದ್ದನ್ನೇ ದೇವರ ತೀರ್ಪೆಂದು ಬಗೆದರು. ಅವರ ಮಾತಿನಿಂದಾದ ಹಾನಿ ಅಷ್ಟಿಷ್ಟಲ್ಲ. ಅದನ್ನು ಸರಿಪಡಿಸಲು ತ್ಲಾಸ್ಕಾಲದ ಧರ್ಮಾಧ್ಯಕ್ಷ ಗಾರ್ಸೇಸರು ಜಗದ್ಗುರುಗಳಿಗೆ ಪತ್ರ ಬರೆದರು. ಮಿನಾಯ ಎಂಬ ದೊಮಿನಿಕನ್ ಸಂನ್ಯಾಸಿಯು ರೋಮಿಗೆ ಹೋದರು. 1537ರಲ್ಲಿ ಜಗದ್ಗುರು ಮೂರನೆಯ ಪೌಲರು ಹೊರಡಿಸಿದ ಸುಬ್ಲಿಮಿಸ್ ದೇವುಸ್ ಎಂಬ ಶಾಸನವು, ಮೂಲನಿವಾಸಿಗಳು ನಿಜವಾದ ಮಾನವರು, ಕ್ರೈಸ್ತರಾಗದಿದ್ದರೂ ಅವರ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಸಿಯಕೂಡದು ಎಂದು ಸಾರಿತು. ಬೆತಾನ್ಸೋಸರು 1549ರಲ್ಲಿ ವಯ್ಯಾದೊಲಿದ್ ನಗರದಲ್ಲಿ ಮರಣಶಯ್ಯೆಯಲ್ಲಿದ್ದಾಗ, ತಾವು ಬರೆದದ್ದೆಲ್ಲವನ್ನೂ ಹಿಂತೆಗೆದುಕೊಳ್ಳುವುದಾಗಿ ಸಾಕ್ಷಿಗಳ ಮುಂದೆ ಪತ್ರ ಬರೆಸಿದರು.

ಅದೇ 1537ರಲ್ಲಿ ಲಾಸ್ ಕಾಸಾಸರು ಗ್ವಾಟೆಮಾಲದಲ್ಲಿದ್ದರು. ಸೈನ್ಯಕ್ಕೆ ಮಣಿಯದ ತುಸುಲುತ್ಲಾನ್ ಸೀಮೆಗೆ ಸ್ಪೇನಿನವರು ಯುದ್ಧಭೂಮಿ ಎಂದೇ ಹೆಸರಿಟ್ಟಿದ್ದರು. ಐದು ವರ್ಷಗಳ ಕಾಲ ಯಾವ ವಲಸೆಗಾರನೂ ಅಲ್ಲಿ ಕಾಲಿಡಕೂಡದೆಂಬ ಕರಾರನ್ನು ಮಾಡಿಸಿಕೊಂಡು, ಆಯುಧವಿಲ್ಲದೆ ಶುಭಸಂದೇಶವನ್ನು ಸಾರಲು ಅವರು ಹೊರಟರು. ಅಲ್ಲಿನ ಭಾಷೆಯಲ್ಲಿ ಹಾಡುಗಳನ್ನು ಕಟ್ಟಿ, ಮೂಲನಿವಾಸಿ ವರ್ತಕರಿಗೆ ಕಲಿಸಿ, ಅವರ ಮೂಲಕ ಹಾಡಿಸಿದರೆಂಬ ಸುಂದರ ಕಥೆಯುಂಟು. ಬಾಯಿಂದ ಬಾಯಿಗೆ ಅದು ಸ್ವಲ್ಪ ಬೆಳೆದಿರುವುದೂ ಉಂಟು. ಆ ಸೀಮೆಗೆ ಮುಂದೆ ವೆರಾಪಾಸ್, ಅಂದರೆ ನಿಜವಾದ ಶಾಂತಿ, ಎಂಬ ಹೆಸರು ನಿಂತಿತು.

ಅವರು ಸೌಮ್ಯ ಸ್ವಭಾವದವರೆಂದು ಯಾರೂ ತಿಳಿಯಬಾರದು. ತ್ಲಾಸ್ಕಾಲದಲ್ಲಿ ಮೂರು ನಾಲ್ಕು ದಿನಗಳ ದಾರಿ ನಡೆದು ಜ್ಞಾನಸ್ನಾನಕ್ಕಾಗಿ ಬಂದ ಮೂಲನಿವಾಸಿಯೊಬ್ಬನನ್ನು, ಸಾಕಷ್ಟು ಉಪದೇಶವಾಗಿಲ್ಲವೆಂಬ ಶಂಕೆಯಿಂದ ಅವರು ಹಾಗೆಯೇ ಹಿಂದಕ್ಕೆ ಕಳುಹಿಸಿದರು. ಅದನ್ನು ಕಂಡ ಫ್ರಾನ್ಸಿಸ್ಕನ್ ಸಂನ್ಯಾಸಿ ಮೊತೊಲಿನಿಯರು ಕಡೆತನಕ ಅವರನ್ನು ಕ್ಷಮಿಸಲಿಲ್ಲ. 1555ರಲ್ಲಿ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಮೂಲನಿವಾಸಿಗಳ ಮೇಲಿನ ಭಾರ ಇಳಿಸಬೇಕೆನ್ನುವ ಈ ಧರ್ಮಾಧ್ಯಕ್ಷರು ತಮ್ಮ ಕಾಗದಪತ್ರಗಳ ಮೂಟೆಗಳನ್ನು ಅವರ ಹೆಗಲ ಮೇಲೆಯೇ ಹೊರಿಸಿಕೊಂಡು ತಿರುಗಿದರೆಂದು ಆಪಾದಿಸಿದರು. ಮೊತೊಲಿನಿಯ ಎಂದರೆ ಮೂಲನಿವಾಸಿಗಳ ಭಾಷೆಯಲ್ಲಿ ಬಡವ ಎಂದರ್ಥ. ಬರಿಗಾಲಿನಲ್ಲಿ ನಡೆದು ಅವರ ನಡುವೆ ಬಾಳಿದವರು ಆತ. ಒಂದೇ ಜನರನ್ನು ಪ್ರೀತಿಸಿದ ಇಬ್ಬರು ಪರಸ್ಪರರಲ್ಲಿ ಒಳ್ಳೆಯದನ್ನು ಕಾಣದೆ ಹೋದರು. ಈ ವಿಷಯದಲ್ಲಿ ಲಾಸ್ ಕಾಸಾಸರ ತಪ್ಪು ಕಡಿಮೆಯೆಂದು ಹೇಳಲು ಮನಸ್ಸು ಒಪ್ಪುವುದಿಲ್ಲ.

1542ರ ನವೆಂಬರ್ 20ರಂದು ಚಕ್ರವರ್ತಿ ಐದನೆಯ ಚಾರ್ಲ್ಸನು ಹೊಸ ಕಾಯಿದೆಗಳಿಗೆ ಅಂಕಿತ ಹಾಕಿದನು. ಮೂಲನಿವಾಸಿಗಳನ್ನು ಗುಲಾಮರನ್ನಾಗಿ ಮಾಡಕೂಡದು. ಒಡೆಯನು ಸತ್ತ ಮೇಲೆ ಅವನ ಆಳುಗಳ ಹಕ್ಕು ಮಕ್ಕಳಿಗೆ ಸಲ್ಲದು. ಇದರಲ್ಲಿ ಲಾಸ್ ಕಾಸಾಸರ ಶ್ರಮ ಬಹಳವಾಗಿತ್ತು. ಪೆರುವಿನಲ್ಲಿ ವಲಸೆಗಾರರು ದಂಗೆಯೆದ್ದು 1546ರಲ್ಲಿ ರಾಜಪ್ರತಿನಿಧಿಯನ್ನೇ ಕೊಂದರು. ಅದಕ್ಕೆ ಮುಂಚೆಯೇ, 1545ರಲ್ಲಿ, ವಂಶಪಾರಂಪರ್ಯವನ್ನು ತಡೆಯುವ ನಿಯಮವನ್ನು ಚಕ್ರವರ್ತಿ ರದ್ದುಗೊಳಿಸಿದ್ದನು.

ಶ್ರೀಮಂತವಾದ ಕೂಸ್ಕೊ ಧರ್ಮಾಧ್ಯಕ್ಷ ಪೀಠವನ್ನು ಬೇಡವೆಂದು, ಬಡವಾದ ಚಿಯಾಪ ಪೀಠವನ್ನು ಒಪ್ಪಿಕೊಂಡು, 1544ರ ಮಾರ್ಚ್ 30ರಂದು ಸೆವಿಲ್ ನಗರದಲ್ಲಿ ಅವರು ಅಭಿಷಿಕ್ತರಾದರು. ನಲವತ್ತಕ್ಕೂ ಹೆಚ್ಚು ದೊಮಿನಿಕನ್ ಸಂನ್ಯಾಸಿಗಳೊಡನೆ ಹೊರಟ ಪ್ರಯಾಣದಲ್ಲಿ ಕೆಲವರು ಸಮುದ್ರದ ಪಾಲಾದರು. 1545ರ ತಪಸ್ಸುಕಾಲದಲ್ಲಿ, ಗುಲಾಮರನ್ನು ಬಿಡುಗಡೆ ಮಾಡದ ಹೊರತು ಯಾರಿಗೂ ಪಾಪವಿಮೋಚನೆ ಕೊಡಬಾರದೆಂದು ತಮ್ಮ ಗುರುಗಳಿಗೆ ಆಜ್ಞಾಪಿಸಿದರು. ಮೂವತ್ತು ವರ್ಷಗಳ ಹಿಂದೆ ತಮಗೆ ಏನನ್ನು ನಿರಾಕರಿಸಲಾಗಿತ್ತೋ ಅದನ್ನೇ ಈಗ ತಾವು ನಿರಾಕರಿಸಿದರು. ಅವರ ಕೈಕೆಳಗಿನ ಹಿರಿಯ ಗುರುವೇ ಆಜ್ಞೆಯನ್ನು ಮೀರಿ ವಿಮೋಚನೆ ಕೊಟ್ಟನು. ಜನರು ಆಯುಧ ಹಿಡಿದು ಧರ್ಮಾಧ್ಯಕ್ಷರ ಮನೆಗೆ ನುಗ್ಗಿದರು. ಎರಡು ವರ್ಷಗಳೊಳಗೆ ಅವರು ಆ ಊರನ್ನು ಬಿಡಬೇಕಾಯಿತು. 1547ರಲ್ಲಿ ಸ್ಪೇನಿಗೆ ಹಿಂತಿರುಗಿದವರು ಮತ್ತೆ ಸಮುದ್ರ ದಾಟಲಿಲ್ಲ.

1550ರಲ್ಲಿ ಚಕ್ರವರ್ತಿಯು ಹೊಸ ದಂಡಯಾತ್ರೆಗಳನ್ನೆಲ್ಲ ತಡೆಹಿಡಿದು, ಅವು ನ್ಯಾಯವೋ ಅಲ್ಲವೋ ಎಂದು ಪರಿಶೀಲಿಸಲು ವಯ್ಯಾದೊಲಿದ್ ನಗರದಲ್ಲಿ ಧರ್ಮಶಾಸ್ತ್ರಜ್ಞರನ್ನೂ ನ್ಯಾಯಶಾಸ್ತ್ರಜ್ಞರನ್ನೂ ಸೇರಿಸಿದನು. ಜಗತ್ತನ್ನು ಗೆಲ್ಲುತ್ತಿರುವ ಅರಸನೊಬ್ಬನು ತನ್ನ ಗೆಲುವು ಧರ್ಮಸಮ್ಮತವೇ ಎಂದು ಕೇಳಿ ಖಡ್ಗವನ್ನು ಕೆಳಗಿಟ್ಟದ್ದು ಚರಿತ್ರೆಯಲ್ಲಿ ಅಪೂರ್ವ. ಯುದ್ಧದ ಪರವಾಗಿ ವಾದಿಸಿದವರು ಹ್ವಾನ್ ಹಿನೆಸ್ ದೆ ಸೆಪೂಲ್ವೆದರು; ಅರಿಸ್ಟಾಟಲನ ರಾಜನೀತಿ ಗ್ರಂಥವನ್ನು ಲತೀನ್ ಭಾಷೆಗೆ ಅನುವಾದಿಸಿದ ಮಹಾಪಂಡಿತರು. ಕೆಲವರು ಹುಟ್ಟಿನಿಂದಲೇ ಗುಲಾಮರೆಂದು ಅರಿಸ್ಟಾಟಲನು ಹೇಳಿದ್ದನ್ನು ಅವರು ಓದಿದ್ದರು. ಆದುದರಿಂದ ಅಂಥವರು ಎಲ್ಲಿಯಾದರೂ ಇರಲೇಬೇಕಾಗಿತ್ತು. ಹೊಸ ನಾಡಿಗೆ ಅವರು ಒಮ್ಮೆಯೂ ಹೋದವರಲ್ಲ. ಮೂರು ಗಂಟೆಗಳ ಕಾಲ ತಮ್ಮ ವಾದವನ್ನು ಮಂಡಿಸಿದರು. ಲಾಸ್ ಕಾಸಾಸರು ಐದು ದಿನ ಸತತವಾಗಿ ಓದಿದರು. ಸೆಪೂಲ್ವೆದರು ಮುಖ್ಯವಾಗಿ ಎತ್ತಿ ತೋರಿದ್ದು ಮೆಕ್ಸಿಕೊದ ನರಬಲಿಯನ್ನು. ಅದಕ್ಕೆ ಲಾಸ್ ಕಾಸಾಸರು ಕೊಟ್ಟ ಉತ್ತರ ಕೇಳಿದವರನ್ನು ನಡುಗಿಸಿರಬೇಕು. ದೇವರಿಗೆ ತನ್ನಲ್ಲಿರುವ ಅತಿಶ್ರೇಷ್ಠವಾದುದನ್ನೇ ಕೊಡಬೇಕೆಂಬ ಸಹಜ ಭಾವವೇ ಅಲ್ಲಿ ದಾರಿತಪ್ಪಿದೆ, ಅದು ಭಕ್ತಿಯಿಲ್ಲದವರ ಕೃತ್ಯವಲ್ಲ, ಅಂಥವರನ್ನು ಯುದ್ಧದಿಂದಲ್ಲ, ಬೋಧನೆಯಿಂದಲೇ ತಿದ್ದಬೇಕು ಎಂದು ವಾದಿಸಿದರು. ಪರಕೀಯನ ಪಾಪವನ್ನೂ ಅವನ ಕಣ್ಣಿನಿಂದಲೇ ನೋಡಲು ಯತ್ನಿಸಿದ ಮಾತು ಅದು. 1551ರಲ್ಲಿ ಸಭೆ ಮತ್ತೆ ಸೇರಿ ಚದುರಿತು; ತೀರ್ಪುಗಾರರು ಒಮ್ಮತದ ತೀರ್ಪನ್ನು ಕೊಡಲಿಲ್ಲ. ಇಬ್ಬರೂ ತಾವೇ ಗೆದ್ದೆವೆಂದು ತಿಳಿದುಕೊಂಡರು.

1552ರಲ್ಲಿ ಅವರು ಸೆವಿಲ್ ನಗರದಲ್ಲಿ ಅಚ್ಚು ಹಾಕಿಸಿದ ಪುಸ್ತಕಗಳಲ್ಲಿ ಮೂಲನಿವಾಸಿಗಳ ನಾಶವನ್ನು ಕುರಿತ ಕಿರುಹೊತ್ತಗೆಯೂ ಒಂದು. ಅದರಲ್ಲಿನ ಕೋಟಿ ಲಕ್ಷಗಳ ಲೆಕ್ಕವು ಅತಿಶಯೋಕ್ತಿಯೆಂದು ಅನೇಕ ಇತಿಹಾಸಕಾರರ ಅಭಿಮತ. ಮೂಲನಿವಾಸಿಗಳಲ್ಲಿ ದೋಷವೇ ಇಲ್ಲವೆಂಬಂತೆ ಚಿತ್ರಿಸಿರುವುದೂ ನಿಜವೇ. ಪ್ರೀತಿಯೂ ಒಮ್ಮೊಮ್ಮೆ ಲೆಕ್ಕ ತಪ್ಪಿಸುತ್ತದೆ. ಸ್ಪೇನಿನ ಶತ್ರುಗಳಿಗೆ ಆ ಪುಸ್ತಕ ಹಬ್ಬದೂಟವಾಯಿತು. ಪ್ರಾಟೆಸ್ಟೆಂಟ್ ದೇಶಗಳಲ್ಲಿ ಭೀಕರ ಚಿತ್ರಗಳೊಡನೆ ಅದನ್ನು ಮತ್ತೆ ಮತ್ತೆ ಮುದ್ರಿಸಿ ಕಥೋಲಿಕರ ಕ್ರೌರ್ಯಕ್ಕೆ ಸಾಕ್ಷಿಯೆಂದು ತೋರಿಸಲಾಯಿತು. ಹಾಗೆ ತೋರಿಸಿದ ದೇಶಗಳ ಹಡಗುಗಳೂ ಮುಂದೆ ಆಫ್ರಿಕದಿಂದ ಗುಲಾಮರನ್ನು ಸಾಗಿಸಿದುವು.

ಮುದಿವಯಸ್ಸಿನಲ್ಲಿ ಲಾಸ್ ಕಾಸಾಸರು ತಮ್ಮ ಬೃಹತ್ ಚರಿತ್ರೆಯನ್ನು ಬರೆಯುತ್ತಿದ್ದಾಗ, ಜೋವಾ ದೆ ಬಾರೋಸ್ ಮೊದಲಾದ ಪೋರ್ಚುಗೀಸ್ ಚರಿತ್ರಕಾರರ ಬರಹಗಳನ್ನು ಪರಿಶೀಲಿಸಿದರು. ಆಫ್ರಿಕನ್ನರನ್ನು ಹೇಗೆ ಹಿಡಿದು ತರಲಾಗುತ್ತಿತ್ತೆಂಬುದು ಆಗ ಅವರಿಗೆ ಮನವರಿಕೆಯಾಯಿತು. ಕ್ಯೂಬಾದಲ್ಲಿ ತಾವು ಕಂಡದ್ದಕ್ಕೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಆ ಚರಿತ್ರೆಯಲ್ಲಿ ತಮ್ಮನ್ನು ಅನ್ಯಪುರುಷನಂತೆ ಹೆಸರಿಸಿಕೊಂಡು, ಆ ಗುರುವು ಕೊಟ್ಟ ಸಲಹೆ ಅವಿವೇಕದ್ದಾಗಿತ್ತು, ಆಫ್ರಿಕನ್ನರ ಗುಲಾಮಗಿರಿಯೂ ಮೂಲನಿವಾಸಿಗಳದರಷ್ಟೇ ಅನ್ಯಾಯ, ತಿಳಿಯದೆ ಮಾಡಿದೆನೆಂಬ ನೆಪ ದೇವರ ನ್ಯಾಯಪೀಠದ ಮುಂದೆ ನಿಂತೀತೆಂಬ ಭರವಸೆ ಅವನಿಗಿಲ್ಲ ಎಂಬ ಭಾವವನ್ನು ದಾಖಲಿಸಿದರು. ಅದನ್ನು ಬರೆಯುವಾಗ ಅವರಿಗೆ ಎಪ್ಪತ್ತು ದಾಟಿತ್ತು.

1566ರ ಜುಲೈ 18ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಮಾದ್ರಿದ್ ನಗರದ ಅತೋಚ ಮಾತೆಯ ಮಠದಲ್ಲಿ ಅವರು ದೈವಾಧೀನರಾದರು. ಚರಿತ್ರೆಯ ಹಸ್ತಪ್ರತಿಯನ್ನು ವಯ್ಯಾದೊಲಿದಿನ ಸಂತ ಗ್ರೆಗೋರಿ ವಿದ್ಯಾಲಯಕ್ಕೆ ಒಪ್ಪಿಸಿ, 1560ರಿಂದ ನಲವತ್ತು ವರ್ಷಗಳವರೆಗೆ ಪ್ರಕಟಿಸಕೂಡದೆಂದು ಅವರು ಕೇಳಿಕೊಂಡಿದ್ದರು. ನಲವತ್ತು ವರ್ಷಗಳು ಕಳೆದುವು. ಕೆಲವು ವಿದ್ವಾಂಸರು ಕೈಬರಹದಿಂದ ಬೇಕಾದಷ್ಟನ್ನು ಎತ್ತಿಕೊಂಡರು. ಅಚ್ಚು ಹಾಕುವವರು ಯಾರೂ ಮುಂದೆ ಬರಲಿಲ್ಲ. ಮಾದ್ರಿದ್ ನಗರದಲ್ಲಿ ಅದು ಮುದ್ರಣವಾಗತೊಡಗಿದ್ದು 1875ರಲ್ಲಿ. ಅವರು ಒಮ್ಮೆ ಒಡೆಯರಾಗಿ ಬಾಳಿದ್ದ ಕ್ಯೂಬಾದಲ್ಲಿ ಆಗಲೂ ಆಫ್ರಿಕನ್ನರು ಕಬ್ಬಿನ ಹೊಲಗಳಲ್ಲಿ ಗುಲಾಮರಾಗಿಯೇ ದುಡಿಯುತ್ತಿದ್ದರು. ಅವರ ಬಿಡುಗಡೆಗೆ ಇನ್ನೂ ಹನ್ನೊಂದು ವರ್ಷಗಳು ಬಾಕಿಯಿದ್ದುವು.